ಮಾದರಿಗೆ ತಕ್ಕ ಮಾಲು

ಆಫ್ರಿಕಾದಿಂದ ಮಾದರಿಯ ತೊಗರಿ ಹುಮನಾಬಾದಿಗೆ ಬಂದ ದಿನ ಅದನ್ನು ಮೊದಲು ಮುಟ್ಟಿದವಳು ನಾನು. ಕೊರಿಯರ್ ಪೆಟ್ಟಿಗೆಯೊಳಗೆ ಒಂದು ಬಿಳಿ ಬಟ್ಟೆಯ ಚೀಲ, ಬಾಯಿಗೆ ಕೆಂಪು ದಾರದ ಹೊಲಿಗೆ. ಕೈಹೊಲಿಗೆ, ಒಂದೊಂದು ಟಾಕೂ ಸಮ. ಲೆಕ್ಕ ಬರೆಯುವ ಮುನೀಮರು ಬ್ಲೇಡು ತೆಗೆದುಕೊಂಡು ಬಂದರು. ನಾನು ಬೇಡವೆಂದು ಉಗುರಿನಿಂದಲೇ ಗಂಟು ಬಿಚ್ಚಿ, ದಾರವನ್ನು ಸುತ್ತಿ ಪಕ್ಕಕ್ಕಿಟ್ಟೆ.

ಬೇಳೆ ಮಿಲ್ಲು ನನ್ನ ಭಾವನವರದು, ಅವರು ನನ್ನ ಗಂಡನ ಅಣ್ಣ. ನಮ್ಮ ಮನೆ ಬಸವಕಲ್ಯಾಣದಲ್ಲಿ. ಮಿಲ್ಲಿನ ಪರದೇಶದ ಪತ್ರಗಳನ್ನು ಬರೆಯುತ್ತಿದ್ದ ನಿವೃತ್ತ ಬ್ಯಾಂಕ್ ಗುಮಾಸ್ತರು ಕಣ್ಣಿನ ಆಪರೇಷನ್ ಆದ ಮೇಲೆ ಬರುವುದನ್ನು ಬಿಟ್ಟಿದ್ದರು. ಮನೆಯಲ್ಲಿ ತಡವರಿಸದೆ ಇಂಗ್ಲಿಷ್ ಮಾತಾಡುವವಳು ನಾನೊಬ್ಬಳೇ, ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತವಳು. "ಮನ್ಯಾಗ ಕುಂತು ಏನ್ ಮಾಡ್ತಿ, ವಾರದಾಗ ಎರಡ್ ದಿನ ಹೋಗಿ ಬಾ" ಎಂದರು ಇವರು, ನನ್ನ ಗಂಡ. ಸಂಬಳದ ಮಾತು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮನೆಯ ಕೆಲಸವೇ ತಾನೆ.

ಭಾವನವರ ಎದುರು ನಾನು ಯಾವತ್ತೂ ತಲೆಯ ಮೇಲಿನ ಸೆರಗು ಇಳಿಸಿದವಳಲ್ಲ. ಮದುವೆಯಾಗಿ ಹದಿನೆಂಟು ವರ್ಷವಾದರೂ ಅವರು ನನ್ನ ಮುಖ ನೋಡಿ ಮಾತಾಡಿದ್ದಿಲ್ಲ. ಮಿಲ್ಲಿನ ಗಾದಿಯ ಮೇಲೆ ಕೂತು, ಗೋಡೆಯ ಕ್ಯಾಲೆಂಡರಿಗೆ ಹೇಳಿದಂತೆ "ಮುನೀಮಜಿ, ತಂಗೀಗಿ ಹೇಳ್ರಿ, ಹಿಂಗಿಂಗ ಬರೀಬೇಕಂತ" ಎನ್ನುವರು. ಮೂರಡಿ ದೂರದಲ್ಲಿದ್ದ ನನಗೆ ಎಲ್ಲ ಕೇಳಿಸಿರುತ್ತಿತ್ತು. ಆದರೂ ಮುನೀಮರು ಇತ್ತ ತಿರುಗಿ ಅದನ್ನೇ ಇನ್ನೊಮ್ಮೆ ಹೇಳುವರು. ಎರಡು ವಾರಕ್ಕೆ ಮುನೀಮರಿಗೆ ಬೇಸರ ಬಂದು ಆ ಪದ್ಧತಿ ತಾನಾಗಿ ನಿಂತಿತು. ಭಾವನವರು ನೇರ "ತಂಗಿ" ಎನ್ನತೊಡಗಿದರು, ಕಣ್ಣು ಮಾತ್ರ ಕಾಳಿನ ಮೇಲೆಯೇ.

ಮಾದರಿಯನ್ನು ಪರಾತದ ಅಗಲ ತಟ್ಟೆಯಲ್ಲಿ ಸುರಿದು ಅಂಗೈಯಾಡಿಸಿದೆ. ಅಂಗೈಗೆ ಧೂಳು ಹತ್ತಲಿಲ್ಲ. ಹೊಟ್ಟಿಲ್ಲ, ಕಡ್ಡಿಯಿಲ್ಲ, ಒಡೆದ ಒಂದು ಕಾಳಿಲ್ಲ, ಹುಳ ಕೊರೆದ ಒಂದು ತೂತಿಲ್ಲ. ಎರಡು ಕಿಲೋ ತೊಗರಿಯಲ್ಲಿ ಒಂದಾದರೂ ಮುರುಟಿದ ಕಾಳು ಸಿಗಲಿ ಎಂದು ಹುಡುಕಿದೆ. ಸಿಗಲಿಲ್ಲ.

"ಇದನ್ನ ಹೆಂಗಸರು ಕುಂತು ಒಂದೊಂದೇ ಆಯ್ದಾರ್ರಿ!" ಎಂದು ಕೂಗಿಯೇ ಬಿಟ್ಟೆ. ಒಗಟು ಬಿಡಿಸಿದ ಹುಡುಗಿಯ ಹಾಗೆ ಸಂತೋಷವಾಗಿತ್ತು ನನಗೆ.

ಘಾಟಬೋರಾಳದಿಂದ ದಿನವೂ ಬರುವ ಒಬ್ಬ ಹೆಂಗಸು ನಮ್ಮ ಮಿಲ್ಲಿನಲ್ಲಿ ಕಾಳು ಆಯುವವರ ಮೇಸ್ತ್ರಿ. ತೇವದ ಮೀಟರು ಇದ್ದರೂ ಮೊದಲು ಅವಳ ಹಲ್ಲಿನ ಪರೀಕ್ಷೆ ಆಗಬೇಕು. ಅವಳು ಎರಡು ಕಾಳು ದವಡೆಗಿಟ್ಟು ಕಡಿದು ಕಿವಿ ಕೊಟ್ಟಳು.

"ಕಟ್ ಅಂತು. ಛಲೋ ಒಣಗ್ಯಾದ." ಆಮೇಲೆ ಪರಾತಕ್ಕೆ ಬಾಗಿ ನೋಡಿ ನಕ್ಕಳು. "ಖರೇ ಅದ ಅಕ್ಕಾರ. ಇದು ರಾಶಿ ಕಾಳಲ್ಲ ಬಿಡ್ರಿ, ಬೀಗರ ಮನಿಗಿ ಕಳಸೂ ಕಾಳು. ನನ್ನ ಮಗಳ ಲಗ್ನದಾಗ ನಾನೂ ಹಿಂಗೇ ಆಯ್ದು ಕಳಿಸಿದ್ದೆ. ಮುಂದಿನ ವರ್ಷ ಬೀಗತಿ, ‘ಹೋದ ವರ್ಷದಂಥಾದ್ದು ಯಾಕ ಬರ್ಲಿಲ್ಲ’ ಅಂತ ಮಾರಿ ಊದಿಸ್ಕೊಂಡ್ಳು!"

ಮುನೀಮರು ನಕ್ಕರು. ನಾನೂ ನಕ್ಕೆ. ಭಾವನವರು ಮೂರು ಕಾಳು ತೆಗೆದುಕೊಂಡು ಬೆರಳ ನಡುವೆ ಹೊರಳಿಸಿದರು.

"ಮಾದರಿ ಪಾಸ್. ಮಾಲು ಬರೋಬ್ಬರಿ ಈ ಮಾದರಿಗಿ ತಕ್ಕಂಗ ಇರಬೇಕು ಅಂತ ಕರಾರಿನಾಗ ಬರೀ, ತಂಗಿ."

ಹಳೆಯ ಕರಾರುಗಳ ಫೈಲು ನನ್ನ ಮುಂದೆಯೇ ಇತ್ತು. ಅವುಗಳಲ್ಲಿ ತೇವ ಇಷ್ಟರೊಳಗೆ, ಒಡಕು ಇಷ್ಟರೊಳಗೆ, ಕಸ ಇಷ್ಟರೊಳಗೆ ಎಂದು ಮಿತಿ ಹಾಕಿದ ಸಾಲುಗಳಿದ್ದವು. ರಾಶಿ ಎಂದ ಮೇಲೆ ಒಂದಿಷ್ಟು ಕಸ, ಒಂದಿಷ್ಟು ಒಡಕು ಇದ್ದೇ ಇರುತ್ತದೆ, ಅದಕ್ಕೆ ಆ ಸಾಲುಗಳು.

"ಈ ಸಾಲೂ ಇರಲೇನ್ರಿ?" ಎಂದು ಕೇಳಿದೆ.

"ತೆಗೀ. ಮಾದರಿನೇ ಕಣ್ಮುಂದ ಇರೂವಾಗ ಅದ್ಯಾಕ ಬೇಕು?"

ತೆಗೆದೆ. ಕಂಪ್ಯೂಟರಿನಲ್ಲಿ ಒಂದು ಸಾಲು ಅಳಿಸಲು ಎಷ್ಟು ಹೊತ್ತು ಬೇಕು! ಆಮೇಲೆ ಮಾದರಿಯನ್ನು ಮೂರು ಚೀಲಗಳಿಗೆ ಹಂಚಿದೆವು. ಒಂದು ನಮಗೆ, ಒಂದು ಮಾಲು ಕಳಿಸುವವರಿಗೆ, ಒಂದು ನಡುವಿನ ದಲಾಲನಿಗೆ. ಮುನೀಮರು ಅರಗು ಕರಗಿಸಿ ಮುದ್ರೆ ಒತ್ತಿದರು. ಬಟ್ಟೆಯ ಮೇಲೆ ಅಡ್ಡಲಾಗಿ ನಾನು ಸಹಿ ಮಾಡಿದೆ.

ಆ ದೇಶ ಪೂರ್ವ ಆಫ್ರಿಕಾದ್ದು, ಹೆಸರು ಬೇಡ. ಮಾಲು ಕಳಿಸುವವರು ಅಲ್ಲಿನ ಒಂದು ರೈತರ ಸಹಕಾರ ಸಂಘದವರು. ಸಂಘದ ಕಾರ್ಯದರ್ಶಿ ಒಬ್ಬ ಹೆಂಗಸು, ನನ್ನ ವಯಸ್ಸಿನವಳೇ. ಮೊದಲ ಫೋನಿನಲ್ಲಿ "ಗುಡ್ ಆಫ್ಟರ್‌ನೂನ್" ಎಂದ ಕೂಡಲೇ ಇಬ್ಬರೂ ಒಂದು ಕ್ಷಣ ತಡೆದೆವು. ದನಿಯ ಅದೇ ಏರಿಳಿತ, ಮಾತಿನ ಕೊನೆಗೆ ಅದೇ ಎಳೆತ. ಅವಳೂ ಸನ್ಯಾಸಿನಿಯರ ಶಾಲೆಯಲ್ಲಿ ಕಲಿತವಳು. ಐರ್ಲೆಂಡಿನಿಂದ ಬಂದ ಮುದುಕಿಯರು ಸಮುದ್ರದ ಈ ದಡದಲ್ಲೂ ಆ ದಡದಲ್ಲೂ ಒಂದೇ ಇಂಗ್ಲಿಷನ್ನು, ಒಂದೇ ಬೆತ್ತದಿಂದ, ನಮ್ಮಿಬ್ಬರ ಬಾಯಲ್ಲಿ ಇಟ್ಟಿದ್ದರು. ಅವಳು ನನ್ನನ್ನು ಸಿಸ್ಟರ್ ಎನ್ನುತ್ತಿದ್ದಳು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಾದರಿ ಯಾರು ಆರಿಸಿದ್ದು?" ಎಂದು ಕೇಳಿದೆ.

"ಕಂಡುಹಿಡಿದುಬಿಟ್ಟಿರಾ!" ಎಂದು ನಕ್ಕಳು. "ಹನ್ನೊಂದು ಹೆಂಗಸರು, ಎರಡು ದಿನ, ಗೋದಾಮಿನ ಮುಂದಿನ ಮಾವಿನ ಮರದ ಕೆಳಗೆ. ಮೊದಲ ಸಲ ನಮ್ಮ ಮುಖ ನೋಡುತ್ತಿದ್ದೀರಿ. ತೊಳೆಯದ ಮುಖ ತೋರಿಸುವುದೇ?"

ಆಗ ಹೇಳಬಹುದಿತ್ತು. ಇನ್ನೊಂದು ಮಾದರಿ ಕಳಿಸಿ, ರಾಶಿಯಿಂದ ಮೊಗೆದು ಹಾಗೆಯೇ ಕಳಿಸಿ ಎಂದು. ಕರಾರಿಗೆ ಅವರ ಸಹಿ ಇನ್ನೂ ಬಿದ್ದಿರಲಿಲ್ಲ. ಮುನೀಮರು ಪಕ್ಕದಲ್ಲೇ ಕೂತು ಚಹದ ಬಸಿಯನ್ನು ಊದುತ್ತಿದ್ದರು. ಅವಳ ಸಂತೋಷಕ್ಕೆ ನೀರೆರಚುವುದು ಹೇಗೆಂದು ನಾನು ಸುಮ್ಮನಾದೆ. ಒಳ್ಳೆಯ ನಡತೆ ಎಂದುಕೊಂಡೆ ಅದನ್ನು.

ಆ ಗೋದಾಮಿನ ಕಥೆಯನ್ನು ಅವಳು ಇನ್ನೊಂದು ದಿನ ಹೇಳಿದಳು. ಕಟ್ಟಿದವರು ಬಿಳಿಯರ ಹತ್ತಿ ಕಂಪನಿಯವರು. ಅವರು ಹೇಳಿದ ಬೆಳೆ ಬೆಳೆದು, ಅವರು ಹೇಳಿದ ದರಕ್ಕೆ ಕೊಟ್ಟು, ಅದರ ಬಾಗಿಲಲ್ಲಿ ಮೂರು ತಲೆಮಾರು ಸಾಲು ನಿಂತಿತ್ತು. ದೇಶ ಸ್ವತಂತ್ರವಾದ ಮೇಲೆ ಕಂಪನಿ ಹೋಯಿತು, ಗೋದಾಮು ಸಂಘಕ್ಕೆ ಬಂತು. ಬೀಗದ ಕೈ ಮೊದಲು ಇಸಿದುಕೊಂಡವನು ಅವಳ ತಂದೆ. "ಬಾವುಟ ಏರಿಸಿದ್ದು ರಾಜಧಾನಿಯಲ್ಲಿ, ನಾವು ನೋಡಲಿಲ್ಲ. ನಮಗೆ ಸ್ವಾತಂತ್ರ್ಯ ಅಂದರೆ ಆ ಬೀಗದ ಕೈ" ಎಂದಳು. ನಮ್ಮ ನಿಜಾಮನ ಸೀಮೆಗೂ ಸ್ವಾತಂತ್ರ್ಯ ದೇಶಕ್ಕಿಂತ ಒಂದು ವರ್ಷ ತಡವಾಗಿ ಬಂತು ಎಂದು ನಾನು ಹೇಳಿದ್ದಕ್ಕೆ, "ಹಾಗಾದರೆ ನೀವು ನಮಗೆ ಒಂದು ವರ್ಷ ಹತ್ತಿರ" ಎಂದು ನಕ್ಕಳು.

ಈಗ ಅದೇ ಗೋದಾಮನ್ನು ಅಡವಿಟ್ಟು, ಆ ಹಣದಿಂದ ಸದಸ್ಯರ ತೊಗರಿ ಕೊಂಡು, ಐದು ಕಂಟೇನರು ತುಂಬಿಸಿದ್ದರು. ತೊಗರಿಬೇಳೆಯನ್ನು ನಮ್ಮ ಹಾಗೆ ದಿನವೂ ಉಣ್ಣುವವರಲ್ಲ ಅವರು. ಹಸಿಕಾಯಿ ಬೇಯಿಸಿ ತಿನ್ನುವುದು ಒಂದಿಷ್ಟು, ಅಷ್ಟೆ. ಮೆಕ್ಕೆಜೋಳದ ಹೊಲ ಕಡಿಮೆ ಮಾಡಿ ತೊಗರಿ ಹಾಕಿದ್ದು ನಮ್ಮ ದಲಾಲ ಊರೂರು ತಿರುಗಿ, ಇಂಡಿಯಾದವರು ಎಷ್ಟು ಬೆಳೆದರೂ ಕೊಳ್ಳುತ್ತಾರೆ ಎಂದಿದ್ದಕ್ಕೆ. ಅಂದರೆ ಅವರ ಒಂದು ವರ್ಷದ ದುಡಿತಕ್ಕೆ ಲೋಕದಲ್ಲಿ ಇದ್ದ ಗಿರಾಕಿ ಒಬ್ಬನೇ. ಆ ಗಿರಾಕಿ ನಮ್ಮ ಗಾದಿಯ ಮೇಲೆ ಕ್ಯಾಲೆಂಡರು ನೋಡುತ್ತ ಕೂತಿದ್ದ.

ಹಡಗು ಸಮುದ್ರದಲ್ಲಿದ್ದಾಗಲೇ ದರ ಇಳಿಯತೊಡಗಿತು. ಬೇರೆ ದೇಶಗಳ ಮಾಲೂ ಮುಂಬೈಗೆ ಬಂದು ಬಿದ್ದಿತ್ತು. ಭಾವನವರು ಎರಡನೆಯ ಚಹ ಬಿಟ್ಟರು. ಫೋನಿನಲ್ಲಿ ಮಾತು ಕಡಿಮೆ, "ಹೂಂ, ಹೂಂ" ಹೆಚ್ಚಾಯಿತು. ಹಡಗು ದಡ ಮುಟ್ಟಿ ಕಾಗದಪತ್ರಗಳು ಬ್ಯಾಂಕಿಗೆ ಬಂದವು. ಹಣ ಕಟ್ಟಿ ಅವನ್ನು ಬಿಡಿಸಿಕೊಂಡರೆ ಮಾತ್ರ ಮಾಲು ನಮ್ಮದು. ಭಾವನವರು ಬಿಡಿಸಿಕೊಳ್ಳಲಿಲ್ಲ.

"ಬರೀ ತಂಗಿ. ಕಾಗದ ನೋಡಾಕತ್ತೇವಿ, ಜರಾ ಟೈಮ್ ಹಿಡೀತದ, ಭಾಳ ವಿಷಾದ ಆಗ್ಯಾದ ಅಂತ."

ಬರೆದೆ. ವಾರ ಬಿಟ್ಟು ಇನ್ನೊಂದು. ಆಮೇಲೆ ಮತ್ತೊಂದು. ವಿಷಾದವನ್ನು ಮೂರು ಸಲ ಮೂರು ಬಗೆಯಾಗಿ ಹೇಳುವುದು ನನಗೆ ಚೆನ್ನಾಗಿ ಬರುತ್ತಿತ್ತು. ಓದಿ, ಕನ್ನಡದಲ್ಲಿ ಅರ್ಥ ಹೇಳಿದಾಗ ಭಾವನವರು ತಲೆದೂಗಿದರು. "ನಿನ್ನ ಇಂಗ್ಲಿಷ್ ಅಂದ್ರ ತುಪ್ಪ."

"ಚಾಕುಗಿ ಹಚ್ಚಿದ ತುಪ್ಪ ರೀ ಸಾವಕಾರ್ರ" ಎಂದರು ಮುನೀಮರು. ಇಬ್ಬರೂ ನಕ್ಕರು. ಹೊಗಳಿಸಿಕೊಂಡವಳಂತೆ ನಾನೂ ಸೆರಗಿನೊಳಗೆ ಮುಗುಳ್ನಕ್ಕೆ. ಅದನ್ನು ಇಲ್ಲಿ ಬರೆಯಲೇಬೇಕು.

ಕರಾರಿನಂತೆ ಬಂದರಿನಲ್ಲಿ ಮಾಲಿನ ತಪಾಸಣೆ ಆಯಿತು. ಐದೂ ಕಂಟೇನರುಗಳಿಂದ ಅಲ್ಲೊಂದು ಇಲ್ಲೊಂದು ಚೀಲಕ್ಕೆ ಸಲಾಕೆ ಚುಚ್ಚಿ ತೆಗೆದ ಕಾಳನ್ನು ಬೆರೆಸಿ ಹುಮನಾಬಾದಿಗೆ ಕಳಿಸಿದರು. ಹೋಲಿಸುವ ಕೆಲಸ ನನ್ನದೂ ಆ ಮೇಸ್ತ್ರಿ ಹೆಂಗಸಿನದೂ. ಅರಗಿನ ಮುದ್ರೆ ಒಡೆದು ಹಳೆಯ ಮಾದರಿಯನ್ನು ಒಂದು ತಟ್ಟೆಗೆ, ಬಂದರಿನದನ್ನು ಇನ್ನೊಂದಕ್ಕೆ ಸುರಿದೆವು. ಎರಡರಿಂದಲೂ ನೂರು ನೂರು ಗ್ರಾಂ ಸಣ್ಣ ತಕ್ಕಡಿಯಲ್ಲಿ ತೂಗಿ, ಬಿಳಿ ಕಾಗದದ ಮೇಲೆ ಗುಂಪು ಮಾಡಬೇಕು: ಇಡೀ ಕಾಳು, ಒಡಕು, ಮುರುಟಿದ್ದು, ಹುಳ ಹತ್ತಿದ್ದು, ಕಸ. ಮಾದರಿಯ ಕಾಗದದ ಮೇಲೆ ಒಂದೇ ಗುಂಪಾಯಿತು. ಬಂದರಿನ ಕಾಗದದ ಮೇಲೆ ಐದು. ನಾಲ್ಕು ಗುಂಪುಗಳು ಕುಂಕುಮದ ಬೊಟ್ಟಿನಷ್ಟು ಸಣ್ಣವು, ಆದರೂ ಗುಂಪುಗಳೇ.

ಮೇಸ್ತ್ರಿ ಕಾಳು ಕಡಿದಳು. "ಕಟ್. ಭೇಷ್ ಮಾಲ್ ಅದ ಅಕ್ಕಾರ. ನಮ್ಮ ಹುಲಸೂರ ಕಡಿ ಮಾಲಿಗಿಂತ ಏನ್ ಕಮ್ಮಿ ಇಲ್ಲ." ಮೀಟರಿನಲ್ಲೂ ತೇವ ಹಳೆಯ ಮಿತಿಯೊಳಗೇ ಇತ್ತು. ನಾನು ಚಿಮಟಿಗೆಯಿಂದ ಒಂದು ಅರೆಮುರುಟು ಕಾಳನ್ನು ಎತ್ತಿ, ಇಡೀ ಕಾಳಿನ ಗುಂಪಿಗೆ ಹಾಕಲೋ ಬೇಡವೋ ಎಂದು ಹಿಡಿದುಕೊಂಡೇ ಕೂತಿದ್ದೆ. ಅವಳು ನನ್ನ ಕೈ ನೋಡಿ, "ಹಾಕ್ರಿ ಅಕ್ಕಾರ, ಎಲ್ಲಿಗ್ಯಾರೆ ಹಾಕ್ರಿ. ಸಾವಕಾರ್ರು ಮೊದ್ಲೇ ಆಯ್ದು ಮುಗಿಸ್ಯಾರ" ಎಂದಳು. ಕಾಳು ಕೆಳಗಿಟ್ಟು ಪಟ್ಟಿ ಬರೆದೆ. ಎದ್ದು ಗಾದಿಯ ಮುಂದೆ ಹೋಗಿ ನಿಂತೆ.

"ಭಾವಾ, ಮಾಲು ಛಲೋ ಅದರಿ."

"ಛಲೋ ಅದ ಅಂತ ನಾನೂ ಅಂತೀನಿ. ಮಾದರಿಗಿ ತಕ್ಕಂಗ ಅದ ಏನು?"

"ಮಾದರಿ ಅವರು ಆಯ್ದು ಕಳಿಸಿದ್ದಲ್ಲೇನ್ರಿ. ನಿಮಗದು ಗೊತ್ತಿತ್ತು."

"ನನಗ ಯಾರ್ ಹೇಳಿದ್ರು?"

ಮುನೀಮರು ಕೆಮ್ಮಿದರು. ಭಾವನವರು ತಲೆ ಎತ್ತಿ ನನ್ನ ಮುಖ ನೋಡಿದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ. ಕಣ್ಣಲ್ಲಿ ಸಿಟ್ಟೇನೂ ಇರಲಿಲ್ಲ.

"ನೀನೇ ಹೇಳಿದಿ ತಂಗಿ. ನನ್ನ ಕಣ್ಣಿಗಿ ಕಾಳಂದ್ರ ಕಾಳು. ಯಾರ್ ಆಯ್ದಾರ, ಯಾರ್ ಚೀಲ ಹೊಲಿದಾರ, ಅದೆಲ್ಲ ನಿನ್ನ ಕಣ್ಣಿಗಿ ಕಾಣ್ತದ."

 ಅವರೇ ಮುಂದುವರಿಸಿದರು. "ಮುಂಬೈದ ವ್ಯಾಪಾರಿ ನನ್ನ ಕುತ್ತಿಗಿ ಮ್ಯಾಲ ಕಾಲಿಟ್ಟಾನ. ಅವನ ಕುತ್ತಿಗಿ ಮ್ಯಾಲ ಸಿಂಗಾಪುರದಾಂವ ಇಟ್ಟಾನ. ನಾ ಯಾರ ಮ್ಯಾಲ ಇಡ್ಲಿ? ಘಾಟಬೋರಾಳದವ್ರ ಮ್ಯಾಲ ಇಟ್ರ ನಾಳಿ ಮುಂಜಾನಿ ಬಂದು ಮಿಲ್ಲಿನ ಗೇಟಿಗಿ ಕೂಡ್ತಾರ. ಆಫ್ರಿಕಾದವ್ರು ಬಂದು ಕೂಡಾಂಗಿಲ್ಲ." ಆಮೇಲೆ ಮೆಲ್ಲಗೆ, "ನಮ್ಮಜ್ಜ ರಜಾಕಾರರ ಗಲಾಟ್ಯಾಗ ಗೋರ್ಟಾ ಊರು ಬಿಟ್ಟು ಬರೂವಾಗ ಉಟ್ಟ ಧೋತರ ಒಂದೇ ಇತ್ತು. ಅಂವಗ ಯಾರ್ ದಯಾ ಮಾಡ್ಯಾರ?" ಎಂದರು.

"ಈಗ ಏನಂತ ಬರೀಲಿರಿ?"

"ಬರೀಬ್ಯಾಡ. ಫೋನ್ ಮಾಡು. ದರದಾಗ ಮೂರರಾಗ ಒಂದು ಭಾಗ ಇಳಿಸಿದ್ರ ಮಾಲು ತಗೋತೀವಿ ಅನ್ನು. ನಾಡಿದ್ದಿನ ತನಕ ಟೈಮ್ ಕೊಡು. ನೀನೇ ಮಾತಾಡು, ನಿನ್ನ ಮಾತು ಅಕಿ ಕೇಳ್ತಾಳ."

ಅಲ್ಲಿಂದಲೇ ಫೋನ್ ಮಾಡಿ ಹೇಳಿದೆ.  ಆ ಕಡೆ ಹಿಂದೆ ಯಾವುದೋ ಕೋಳಿ ಕೂಗುತ್ತಿತ್ತು. ಆಮೇಲೆ ಅವಳು ಮೆತ್ತಗೆ ಲೆಕ್ಕ ಹೇಳಿದಳು. ಮೂರನೆಯ ಒಂದು ಭಾಗ ಹೋದರೆ ಸದಸ್ಯರ ಕೈಗೆ ಇನ್ನೇನೂ ಬರುವುದಿಲ್ಲ, ಆದರೆ ಅಡವು ಬಿಡಿಸಿಕೊಳ್ಳಬಹುದು, ಗೋದಾಮು ಉಳಿಯುತ್ತದೆ. "ಕಮಿಟಿಯ ಗಂಡಸರು ಒಪ್ಪಿಬಿಡು ಅನ್ನುತ್ತಾರೆ. ನಾನು ನಿಮ್ಮನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ, ಸಿಸ್ಟರ್."

"ನಾಳೆ ಮನೆಯಿಂದ ಮಾತಾಡುತ್ತೇನೆ" ಎಂದು ಫೋನ್ ಇಟ್ಟೆ.

ಮರುದಿನ ಬಸವಕಲ್ಯಾಣದಲ್ಲಿ ಇವರು ಊಟ ಮಾಡಿ ಹೋದ ಮೇಲೆ, ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ನನ್ನ ಸ್ವಂತ ಫೋನಿನಿಂದ ಕರೆ ಮಾಡಿದೆ. ಮನೆತನಕ್ಕೆ ದ್ರೋಹ ಮಾಡುತ್ತಿದ್ದೇನೆ ಎಂದು ಗೊತ್ತಿತ್ತು, ಎದೆಯೊಳಗೆ ಮಾತ್ರ ಏನೋ ಹಗುರಾಗಿತ್ತು. ಎಲ್ಲವನ್ನೂ ಹೇಳಿದೆ. ನಿಮ್ಮ ಮಾಲಿನಲ್ಲಿ ದೋಷವಿಲ್ಲ. ಮಿತಿಯ ಸಾಲು ಅಳಿಸಿದ್ದು ನಾನು. ದರ ಬಿದ್ದದ್ದಕ್ಕೆ ಮಾದರಿಯನ್ನು ನೆಪ ಮಾಡಿಕೊಂಡಿದ್ದಾರೆ. ಒಪ್ಪಬೇಡಿ. ಬೇರೆ ಮಿಲ್ಲುಗಳಿವೆ, ದಲಾಲನನ್ನು ಬಿಟ್ಟು ನೇರ ಕೇಳಿ. ಒಂದಿಷ್ಟು ಕಾಯಿರಿ.

"ಕಾಯಬಹುದೇ?" ಎಂದಳು.

"ಕಾಯಿರಿ. ಅನ್ಯಾಯಕ್ಕೆ ತಲೆಬಾಗಬೇಡಿ" ಎಂದೆ. ಪುಸ್ತಕದ ಮಾತು, ಬಾಯಿಗೆ ಬಂತು.

ಅವಳು ಒಪ್ಪಲಿಲ್ಲ ಎಂಬ ಪತ್ರ ಮಿಲ್ಲಿಗೆ ಬಂದಾಗ ಭಾವನವರು ಸಿಟ್ಟಾಗುವರೆಂದು ಕಾದೆ. "ಹೂಂ" ಎಂದರು, ಅಷ್ಟೆ. ನಾನು ಕದ್ದು ಕೆಲಸ ಮಾಡಿದೆ. ವಿಳಾಸ ಹುಡುಕಿ ಕೊಟ್ಟೆ, ಅವಳ ಪತ್ರ ತಿದ್ದಿಕೊಟ್ಟೆ, ಬೇರೆ ಮಿಲ್ಲಿನವರಿಗೆ ಹೀಗೆ ಬರೆಯಿರಿ ಎಂದು ಹೇಳಿಕೊಟ್ಟೆ. ಒಂದು ಕಡೆಯಿಂದ ಉತ್ತರವೇ ಇಲ್ಲ. ಇನ್ನೊಂದು ಕಡೆ, ಹುಮನಾಬಾದಿನವರು ಒಲ್ಲೆ ಎಂದ ಮಾಲು ನಮಗ್ಯಾಕೆ ಎಂದರು. ಮೂರನೆಯವರು ದರ ಕೇಳಿದರು, ವಾರದ ಮೇಲೆ ಮತ್ತೆ ಕಡಿಮೆ ಮಾಡಿ ಕೇಳಿದರು. ಬಂದರಿನಲ್ಲಿ ಐದು ಕಂಟೇನರು ನಿಂತ ಜಾಗದ ಬಾಡಿಗೆ ದಿನದಿನವೂ ಏರುತ್ತಿತ್ತು. ನಾಲ್ಕು ವಾರವಾಯಿತು, ಐದಾಯಿತು. ಅವಳ ಸಂದೇಶಗಳು ಗಿಡ್ಡವಾದವು. ಮೊದಲೆಲ್ಲ ಮಕ್ಕಳ ಸುದ್ದಿ ಕೇಳುತ್ತಿದ್ದವಳು ಈಗ "ಏನಾದರೂ?" ಎಂದಷ್ಟೇ ಬರೆಯುತ್ತಿದ್ದಳು.

ಏಳನೆಯ ವಾರ ಮಿಲ್ಲಿಗೆ ಹೋದಾಗ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸ ತೊಗರಿ ಬಂದಿತ್ತು. ಟ್ರ್ಯಾಕ್ಟರುಗಳು ಗೇಟಿನಾಚೆಯವರೆಗೆ ನಿಂತಿದ್ದವು. ಹಮಾಲರು ಚೀಲ ಇಳಿಸುತ್ತಿದ್ದರು, ಗಾಳಿಯ ತುಂಬ ಹೊಟ್ಟಿನ ಧೂಳು. ಮೇಸ್ತ್ರಿ ಹೆಂಗಸು ಮೂಗಿಗೆ ಸೆರಗು ಕಟ್ಟಿಕೊಂಡು ಚೀಲದಿಂದ ಚೀಲಕ್ಕೆ ಕಾಳು ಕಡಿಯುತ್ತ ಓಡಾಡುತ್ತಿದ್ದಳು.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಕಲ್ಯಾಣದಿಂದ ಹುಮನಾಬಾದಿನವರೆಗೆ ದಾರಿಯ ಎರಡೂ ಬದಿಗೆ ತೊಗರಿ. ವಾರಕ್ಕೆರಡು ಸಲ ಬಸ್ಸಿನ ಕಿಟಕಿಯಿಂದ ನೋಡಿದ್ದೆ. ಅದು ಹಳದಿ ಹೂ ಬಿಟ್ಟದ್ದನ್ನು ನೋಡಿದ್ದೆ, ಕಾಯಿ ಕಟ್ಟಿದ್ದನ್ನು ನೋಡಿದ್ದೆ, ಕಂದಾಗಿ ಒಣಗಿದ್ದನ್ನೂ ನೋಡಿದ್ದೆ. ಚೆಂದವಿದೆ ಎಂದುಕೊಂಡಿದ್ದೆ. ನಮ್ಮದೇ ರಾಶಿ ಮನೆಬಾಗಿಲಿಗೆ ಬರುವ ಹೊತ್ತಿಗೆ ಬಂದರಿನ ಮಾಲನ್ನು ಯಾರು ಕೇಳುತ್ತಾರೆ? ಈ ಸೀಮೆಯಲ್ಲಿ ಹುಟ್ಟಿದ ಯಾರಿಗಾದರೂ ತಿಳಿಯುವ ಮಾತು. ಅವಳಿಗೆ ಕಾಯಿರಿ ಎಂದವಳು ನಾನು.

ಭಾವನವರು ಒಂದು ಕಾಗದ ಮುಂದೆ ಸರಿಸಿದರು. ಸಂಘದಿಂದ ಬಂದದ್ದು. ನೀವು ಹೇಳಿದ ದರಕ್ಕೆ ಮಾಲು ಬಿಡುತ್ತೇವೆ, ಬಂದರಿನ ಬಾಡಿಗೆ ಕಳೆದು ಉಳಿದದ್ದು ಕೊಡಿ. ಕೆಳಗೆ ಭಾವನವರು ಪೆನ್ಸಿಲಿನಿಂದ ದರ ಬರೆದಿದ್ದರು. ಮೊದಲ ಕರಾರಿನ ಅರ್ಧಕ್ಕೂ ಕಡಿಮೆ.

"ಛಲೋ ಕೆಲಸ ಮಾಡಿದಿ ತಂಗಿ" ಎಂದರು.

ನನಗೆ ತಿಳಿಯಲಿಲ್ಲ. "ನಾ ಏನ್ ಮಾಡೀನ್ರಿ?"

"ಅವತ್ತು ಅಕಿ ಮೂರರಾಗ ಒಂದು ಇಳಿಸ್ತೀನಿ ಅಂದಿದ್ರ ನಾ ಮಾಲು ತಗೋಬೇಕಾಗ್ತಿತ್ತು. ಆಡಿದ ಮಾತು. ಪ್ಯಾಟಿ ದರ ಅದಕ್ಕಿಂತ ಕೆಳಗ ಹೋಗೂದಿತ್ತು, ನನಗ ಲುಕ್ಸಾನ. ಬ್ಯಾಡ ಅಂತ ಅಕಿಗಿ ಯಾರರೆ ಹೇಳಬೇಕಿತ್ತು. ನಾ ಹೇಳಿದ್ರ ಕೇಳ್ತಿದ್ಳೇನು?"

ಮುನೀಮರು ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ. ನಗಲೂ ಇಲ್ಲ.

"ನಾ ಹೇಳೀನಿ ಅಂತ ನಿಮಗ ಯಾರ್..."

"ಯಾರೂ ಹೇಳಿಲ್ಲ. ಹದಿನೆಂಟು ವರ್ಷ ಆತು ನೀ ನಮ್ಮ ಮನಿಗಿ ಬಂದು. ಸಕ್ರಿ ಡಬ್ಬಿಗಿ ಇರಬಿ ಹತ್ತಿದ್ರ ಡಬ್ಬಿ ಬಿಸಿಲಾಗಿಟ್ಟು, ಅವು ತಾವಾಗಿ ಹೋಗ್ಲಿ ಅಂತ ಕಾಯಾಕಿ ನೀನು. ಮನಿಗಿ ಹೋಗಿ ಅಕಿಗಿ ಖರೇ ಹೇಳ್ತಿ ಅಂತ ಗೊತ್ತಿತ್ತು. ಅದಕ್ಕೇ ನಿನಗ ಮಾತಾಡು ಅಂದೆ."

ಮುಖವನ್ನೇ ನೋಡದೆ ಅವರು ನನ್ನನ್ನು ಇಷ್ಟು ನೋಡಿದ್ದರು. ನನ್ನ ಒಳ್ಳೆಯತನ ಎಷ್ಟು ತೂಗುತ್ತದೆ, ಯಾವ ಕಡೆಗೆ ವಾಲುತ್ತದೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಅಳು ಬರಲಿಲ್ಲ. ಸೆರಗು ಜಾರಿತ್ತು, ಸರಿಮಾಡಿಕೊಂಡೆ. ಕೈ ತಾನಾಗಿ ಮಾಡಿತು ಆ ಕೆಲಸ.

"ಫೋನ್ ಮಾಡಿ ದರ ಹೇಳಿಬಿಡು. ಸಮಾಧಾನಾಗಿ ಹೇಳು. ಪಾಪ, ನೊಂದಾಳ."

ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು. ದರ ಹೇಳಿದೆ. ಬರೆದುಕೊಂಡಳು, ಪೆನ್ಸಿಲು ಕಾಗದದ ಮೇಲೆ ಹರಿದ ಸದ್ದು ಕೇಳಿಸಿತು. "ಸರಿ" ಎಂದಳು.

"ಗೋದಾಮು?" ಎಂದು ಕೇಳಿದೆ.

"ನಾಳೆ ಬೀಗದ ಕೈ ಕೊಡುತ್ತೇವೆ. ನಿಮ್ಮ ದೇಶದ ಮಿಲ್ಲುಗಳಿಗೆ ಕಾಳು ಕೊಳ್ಳುವ ಏಜೆಂಟನಿಗೆ. ಒಳ್ಳೆಯ ಮನುಷ್ಯ. ನನ್ನನ್ನು ಗುಮಾಸ್ತೆಯಾಗಿ ಇಟ್ಟುಕೊಳ್ಳುತ್ತಾನಂತೆ. ಇಂಗ್ಲಿಷ್ ಬರುತ್ತದಲ್ಲ." ಆಮೇಲೆ, "ಅಪ್ಪ ಇಲ್ಲದ್ದು ಒಳ್ಳೆಯದಾಯಿತು" ಎಂದಳು.

ನಾನು ಹೇಳಬೇಕಿತ್ತು. ಅವತ್ತು ನಿಮ್ಮ ಕಮಿಟಿಯ ಗಂಡಸರು ಹೇಳಿದ್ದೇ ಸರಿ, ನಾನು ಬಾಯಿ ಹಾಕದಿದ್ದರೆ ಬೀಗದ ಕೈ ನಿಮ್ಮಲ್ಲೇ ಇರುತ್ತಿತ್ತು ಎಂದು. ಭಾವನವರು ಮೂರಡಿ ದೂರದಲ್ಲಿ ಹೊಸ ತೊಗರಿಯ ಕಾಳು ಹೊರಳಿಸುತ್ತಿದ್ದರು. ಅವರಿಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ. ನಾನು ಏನು ಹೇಳಿದ್ದರೂ ಅಲ್ಲಿ ತಿಳಿಯುವವರು ಯಾರೂ ಇರಲಿಲ್ಲ.

"ಸಿಸ್ಟರ್, ಕೇಳಿಸುತ್ತಿದೆಯೇ?" ಎಂದಳು ಅವಳು. "ಒಂದು ಮಾತು ಹೇಳಬೇಕಿತ್ತು. ಇಷ್ಟು ಜನರಲ್ಲಿ ನಮಗೆ ನಿಜ ಹೇಳಿದವರು ನೀವೊಬ್ಬರೇ. ಹೆಂಗಸರೆಲ್ಲ ನಿಮಗೆ ಥ್ಯಾಂಕ್ಸ್ ಹೇಳು ಅಂದಿದ್ದಾರೆ."

ನಾನು ಚಿಕ್ಕಂದಿನಿಂದ ನಾಲಿಗೆಗೆ ರೂಢಿಯಾದ ಹಾಗೆ ಸ್ಪಷ್ಟವಾಗಿ, "ಯೂ ಆರ್ ವೆಲ್ಕಮ್" ಎಂದೆ.